ಬಿಟ್ಟುಹೋದ ಎರಡು ಸಾಲು

ಎಡೆಲಿನ್‌ಗೆ ಲ್ಯಾಟಿನ್ ಬರುತ್ತಿರಲಿಲ್ಲ. ಜಪದ ನಾಲ್ಕು ಮಾತು ಬಿಟ್ಟರೆ ಆ ಭಾಷೆಯ ಒಂದು ಪದದ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಪ್ಯಾರಿಸಿನ ವಿದ್ಯಾಪೀಠದಲ್ಲಿ ದೇವಶಾಸ್ತ್ರ ಓದಲು ಬಂದವರು ಒಂಬತ್ತು ವರ್ಷ ಕಾಲ ಗೋಬೆರ್ ಗುರುಗಳ ಗ್ರಂಥವನ್ನು ಓದಿದ್ದು ಅವಳ ಕೈಬರಹದಲ್ಲೇ. ಇದು ಗೊತ್ತಿದ್ದದ್ದು ಅವಳಿಗೆ, ಅವಳ ಗಂಡ ಎವ್ರಾರನಿಗೆ, ಮತ್ತು ನನಗೆ.

ನನ್ನ ಹೆಸರು ಬೋದ್ವೆನ್. ಸಂತ ಸೆವೆರಿನ್ ಇಗರ್ಜಿಯ ಹಿಂದಿನ ಬೀದಿಯಲ್ಲಿ ತೊಗಲಿನ ಹಾಳೆ ಹದ ಮಾಡಿ ಮಾರುತ್ತೇನೆ. ಅವರ ಮನೆಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಎಡೆಲಿನ್‌ಳ ಅಪ್ಪನೂ ನನ್ನ ಅಪ್ಪನೂ ಕೂಡಿಯೇ ತೊಗಲು ಕೆರೆದವರು. ಬರೆದು ಮುಗಿದ ಹಳೆಯ ಹಾಳೆಗಳು ಮತ್ತೆ ಕೆರೆಸಿಕೊಳ್ಳಲು ಬರುತ್ತಿದ್ದವಲ್ಲ, ಅವುಗಳ ಮೇಲಿನ ಅಕ್ಷರಗಳನ್ನು ಬೆರಳಿಂದ ತಿದ್ದುತ್ತಲೇ ಅವಳು ಅಕ್ಷರ ಕಲಿತಳು. ಅವಳು ತಿದ್ದಿ ಮುಗಿಸಿದ ಮೇಲೆಯೇ ಅಪ್ಪ ಕತ್ತಿ ಹಾಕುತ್ತಿದ್ದ.

ಚಿಕ್ಕಂದಿನಿಂದಲೂ ಅವಳದು ಆತಂಕದ ಜೀವ. ಒಲೆಯ ಕೆಂಡ ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ಪೂಜೆಯಲ್ಲಿ ಇಗರ್ಜಿಯಿಂದ ಎದ್ದು ಬರುವವಳು. ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವವಳು. ಬೀದಿಯ ಹೆಂಗಸರು ಇದನ್ನೇ ಆಡಿಕೊಳ್ಳುತ್ತಿದ್ದರು. "ಎಡೆಲಿನ್ ಸ್ವರ್ಗದ ಬಾಗಿಲಿಗೆ ಹೋದ್ರೂ ಮನೆ ಬಾಗಿಲು ಹಾಕಿದ್ನಾ ಅಂತ ನೋಡೋಕೆ ವಾಪಸ್ ಬರ್ತಾಳೆ" ಎಂದು ರೊಟ್ಟಿ ಸುಡುವವಳು ಒಮ್ಮೆ ಅವಳ ಎದುರಿಗೇ ಹೇಳಿದಳು. ಎಡೆಲಿನ್ ನಕ್ಕಳು. ಆಮೇಲೆ ಹೋಗಿ ಬಾಗಿಲು ನೋಡಿ ಬಂದಳು.

ಎವ್ರಾರ್ ವಿದ್ಯಾಪೀಠಕ್ಕೆ ಪ್ರಮಾಣ ಮಾಡಿದ ಬರಹಗಾರ. ಗುರುಗಳು ಬರೆದ ಕರಡನ್ನು ತಪ್ಪಿಲ್ಲದೆ ಎತ್ತಿ ಬರೆದು ಮಾದರಿ ಪ್ರತಿ ಮಾಡುವುದು ಅವನ ಕೆಲಸ. ಆ ಪ್ರತಿಯನ್ನು ನಾಲ್ಕು ನಾಲ್ಕು ಹಾಳೆಯ ಕಟ್ಟುಗಳಾಗಿ ಪುಸ್ತಕದಂಗಡಿಯಲ್ಲಿ ಇಡುತ್ತಾರೆ. ಒಂದೊಂದು ಕಟ್ಟನ್ನು ವಾರದ ಮಟ್ಟಿಗೆ ಒಯ್ದು ವಿದ್ಯಾರ್ಥಿಗಳು ತಮ್ಮ ಪ್ರತಿ ಬರೆದುಕೊಳ್ಳುತ್ತಾರೆ. ಮಾದರಿಯಲ್ಲಿ ಒಂದು ತಪ್ಪು ನುಸುಳಿದರೆ ಮಾಗಿ ಮುಗಿಯುವುದರೊಳಗೆ ಅದು ಇಪ್ಪತ್ತು ಊರು ಸೇರುತ್ತದೆ. ಅದಕ್ಕೇ ಆ ಕೆಲಸಕ್ಕೆ ಪ್ರಮಾಣ.

ಗೋಬೆರ್ ಗುರುಗಳು ಪಿಕಾರ್ದಿಯ ಕಡೆಯ ಹಿಟ್ಟಿನ ಗಿರಣಿಯವನ ಮಗ. ಹದಿನಾಲ್ಕನೇ ವಯಸ್ಸಿಗೆ ನಡೆದುಕೊಂಡೇ ಪ್ಯಾರಿಸಿಗೆ ಬಂದವರಂತೆ. ದೊಡ್ಡ ಆಳು, ಮೆಲ್ಲಗಿನ ಮಾತು. ಬೀದಿಯಲ್ಲಿ ನಡೆಯುತ್ತಲೇ ಏನೋ ಲೆಕ್ಕ ಹಾಕುವಂತೆ ಬೆರಳು ಮಡಿಸುತ್ತಿದ್ದರು. ಇಪ್ಪತ್ತು ವರ್ಷದಿಂದ ಒಂದೇ ಗ್ರಂಥ ಬರೆಯುತ್ತಿದ್ದರು, ಎಲ್ಲವೂ ಪ್ರಶ್ನೆಗಳೇ. ಒಂದು ಪ್ರಶ್ನೆ ಎತ್ತಿಕೊಂಡರೆ ಮೊದಲು ಎದುರಾಳಿಯ ವಾದ ಬರೆಯುವರು. ಅದೂ ಎದುರಾಳಿಯೇ ನಾಚುವಷ್ಟು ಚೆನ್ನಾಗಿ. ಆಮೇಲೆ ಅದಕ್ಕೆ ವಿರುದ್ಧವಾಗಿ ಒಂದು ಮಾತು, ಆಮೇಲೆ "ನನ್ನ ಉತ್ತರ", ಕೊನೆಗೆ ಎದುರಾಳಿಯ ಒಂದೊಂದು ವಾದಕ್ಕೂ ಒಂದೊಂದು ಸಮಾಧಾನ. ಯಾರನ್ನೂ ಹೀಗಳೆಯುತ್ತಿರಲಿಲ್ಲ. ಅವರ ಪಾಠಕ್ಕೆ ಜಾಗ ಸಿಗದೆ ಹುಡುಗರು ಕಿಟಕಿಯ ಹೊರಗೆ ನಿಲ್ಲುತ್ತಿದ್ದರು.

ಕೈಬರಹ ಮಾತ್ರ ಕೋಳಿ ಕೆದರಿದ ಹಾಗೆ. ತಲೆಯ ವೇಗಕ್ಕೆ ಕೈ ಬರದೆ ಅರ್ಧ ಅಕ್ಷರ ನುಂಗಿ, ಉಳಿದರ್ಧವನ್ನು ಒಂದಕ್ಕೊಂದು ತಗುಲಿಸಿ ಎಳೆಯುತ್ತಿದ್ದರು. ಬರೆದ ಮೂರು ದಿನಕ್ಕೆ ಅವರಿಗೇ ಓದಲಾಗುತ್ತಿರಲಿಲ್ಲ. ಇಡೀ ಊರಲ್ಲಿ ಅದನ್ನು ಓದಬಲ್ಲವನು ಎವ್ರಾರ್ ಒಬ್ಬನೇ ಎಂದು ಪ್ರತೀತಿ. ಹಾಗಾಗಿ ಗ್ರಂಥದ ಕೆಲಸವೆಲ್ಲ ಅವನ ಪಾಲಿಗೆ ಬಂತು.

ಎವ್ರಾರನಿಗೆ ಮೂವತ್ತೆಂಟು ತುಂಬುವ ಹೊತ್ತಿಗೆ ಕಣ್ಣು ಮಂಜಾಗತೊಡಗಿತು. ಮೊದಲು ಸಣ್ಣ ಅಕ್ಷರ ಹೋಯಿತು, ಆಮೇಲೆ ಸಾಲು ಹೋಯಿತು, ಕೊನೆಗೆ ಹಾಳೆಯೊಂದು ಬಿಳಿಯ ಮಸುಕಾಗಿ ಉಳಿಯಿತು. ಹೊರಗೆ ಹೇಳಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಆಗ ಎಡೆಲಿನ್ ಗರಿ ಹಿಡಿದಳು. ಗುರುಗಳ ಕರಡನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುವುದನ್ನು ಅವನಿಂದಲೇ ಕಲಿತಳು. ಅವಳು ಅರ್ಥ ಗೊತ್ತಿಲ್ಲದೆ ಗಟ್ಟಿಯಾಗಿ ಓದುವಳು. ಅವನು ಕೇಳಿಸಿಕೊಂಡು, ನುಂಗಿದ್ದನ್ನು ತುಂಬಿ, ಪೂರ್ತಿ ವಾಕ್ಯ ಹೇಳುವನು. ಅವಳು ಅವನದೇ ಅಕ್ಷರದ ಓರೆಯಲ್ಲಿ ಬರೆಯುವಳು. ಗೋಡೆಯ ಈಚೆಯಿಂದ ನನಗೆ ದಿನವಿಡೀ ಅವರ ಓದು ಕೇಳುತ್ತಿತ್ತು. ಇಬ್ಬರೂ ಸೇರಿ ಒಬ್ಬ ಬರಹಗಾರ.

ಗುರುಗಳು ಶನಿವಾರ ಬೆಳಿಗ್ಗೆ ತಾವೇ ಕರಡು ತಂದು ಕೊಡುತ್ತಿದ್ದರು. ಅವರ ಹೆಜ್ಜೆ ಕೇಳಿದರೆ ಸಾಕು, ಎಡೆಲಿನ್ ಗರಿಯನ್ನು ಗಂಡನ ಕೈಗೆ ತುರುಕಿ, ಬೆರಳಿಗೆ ಅಂಟಿದ ಮಸಿಯನ್ನು ಲಂಗದಂಚಿಗೆ ಒರೆಸಿ, ಬಟಾಣಿ ಬಿಡಿಸಲು ಕೂರುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಮಾರೋತ್. ನಾಲ್ಕು ವರ್ಷದವಳು ಗಂಟಲುಮಾರಿಯಿಂದ ತೀರಿಕೊಂಡಳು. ಇಗರ್ಜಿಯ ಅಂಗಳದಲ್ಲೇ, ತೆಂಕಣ ಗೋಡೆಯ ಬಳಿ ಮಣ್ಣು ಮಾಡಿದೆವು. ಅದಾದ ಮುಂದಿನ ಚಳಿಗಾಲದಲ್ಲಿ ಗುರುಗಳು ಹೊಸ ಪ್ರಶ್ನೆಯೊಂದನ್ನು ಎತ್ತಿಕೊಂಡರು. ಆಗಿಹೋದದ್ದನ್ನು ಆಗದೇ ಇದ್ದಂತೆ ಮಾಡಲು ದೇವರಿಂದ ಆದೀತೇ? ಎವ್ರಾರ್ ಪ್ರಶ್ನೆಯ ಅರ್ಥವನ್ನು ಹೆಂಡತಿಗೆ ಹೇಳಿದ. ಹೇಳಬಾರದಿತ್ತು ಎಂದು ಆಮೇಲೆ ನನ್ನ ಹತ್ತಿರ ಅಂದ. ಅವಳು ಗರಿ ಕೆಳಗಿಟ್ಟು, ಉತ್ತರ ಏನು ಬರೆದಿದ್ದಾರೆ ಎಂದು ಕೇಳಿದಳಂತೆ. ಉತ್ತರದ ಹಾಳೆ ಇನ್ನೂ ಬಂದಿರಲಿಲ್ಲ.

ಉತ್ತರದ ಹಾಳೆ ಬಂದಾಗ ಎವ್ರಾರ್ ಜ್ವರದಲ್ಲಿ ಮಲಗಿದ್ದ. ಅಂಗಡಿಯವನು ಕಟ್ಟಿಗಾಗಿ ದಿನವೂ ಹೇಳಿ ಕಳಿಸುತ್ತಿದ್ದ. ಎಡೆಲಿನ್ ಮೊದಲ ಸಲ ಕೇಳುವವರಿಲ್ಲದೆ, ತಿದ್ದುವವರಿಲ್ಲದೆ, ಕರಡಿನಿಂದ ನೇರವಾಗಿ ಎತ್ತಿ ಬರೆದಳು. ಒಂದು ಪದದ ಅರ್ಥ ಮಾತ್ರ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು: ಪೋತೆಸ್ತ್. 'ಬಲ್ಲನು' ಎಂದು ಅರ್ಥ. ಆ ಪದಕ್ಕಾಗಿಯೇ ಅವಳ ಕಣ್ಣು ಹುಡುಕುತ್ತಿತ್ತು. ಸಿಕ್ಕಿತು. ಅದರ ಹಿಂದೆ 'ನೋನ್' ಎಂದೂ ಇತ್ತು; 'ಇಲ್ಲ' ಎನ್ನುವ ಆ ಪದ ನಮ್ಮ ಬೀದಿಯ ಮಾತಿನಲ್ಲೂ ಅದೇ. ಕಣ್ಣು ಒರೆಸಿಕೊಂಡು ಮತ್ತೆ ಹಾಳೆ ನೋಡಿ, ಪೋತೆಸ್ತ್ ಎಂಬಲ್ಲಿಂದ ಮುಂದೆ ಬರೆದಳು. ಕಟ್ಟು ಅಂಗಡಿಗೆ ಹೋಯಿತು. ಕರಡು ಹಾಳೆಗಳನ್ನು ವಾಡಿಕೆಯಂತೆ ನನಗೆ ಕೊಟ್ಟು ಹೊಸ ಹಾಳೆ ಒಯ್ದಳು.

ಒಂದು ವರ್ಷ ಏನೂ ಆಗಲಿಲ್ಲ. ಮುಂದಿನ ಉಪವಾಸದ ಮಾಸದಲ್ಲಿ ಬೀದಿಯಲ್ಲಿ ಗುಸುಗುಸು ಹುಟ್ಟಿತು. ವಿದ್ಯಾಪೀಠದಲ್ಲಿ ತಪ್ಪು ಮಾತುಗಳು ಹೆಚ್ಚಾಗಿವೆಯೆಂದು ಬಿಷಪ್ಪರು ಮೂವರು ಪಂಡಿತರನ್ನು ಕೂರಿಸಿ ಪಟ್ಟಿ ಮಾಡಿಸುತ್ತಿದ್ದಾರಂತೆ. ಪಟ್ಟಿಯಲ್ಲಿ ಗೋಬೆರ್ ಗುರುಗಳದ್ದೂ ಒಂದು ವಾಕ್ಯವಿದೆಯಂತೆ. 'ಆಗಿಹೋದದ್ದನ್ನು ಆಗದಂತೆ ದೇವರು ಮಾಡಲಾರ' ಎಂದು ಬರೆದು ದೇವರ ಶಕ್ತಿಗೇ ಬೇಲಿ ಹಾಕಿದ್ದಾರೆ ಎಂಬುದು ದೂರು. ಗುರುಗಳ ಪಾಠ ನಿಂತಿತು. ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಹುಡುಗರೇ ಈಗ ಅವರ ಬಾಗಿಲ ಮುಂದೆ ಹಾದುಹೋಗುವಾಗ ಹೆಜ್ಜೆ ಬೇಗ ಹಾಕುತ್ತಿದ್ದರು.

ತಾನು ಅದರ ಜೊತೆಗೆ ವಿವರಣೆ ಬರೆದಿದ್ದೆನೆಂದು ಗುರುಗಳು ಹೇಳಿದರಂತೆ. ಹಾಗಾದರೆ ಪ್ರತಿಯಲ್ಲಿ ಯಾಕಿಲ್ಲ, ಬರೆದದ್ದು ನಿಜವೆಂದು ಪ್ರಮಾಣ ಮಾಡಿ ಎಂದು ಆ ಪಂಡಿತರು ಕೇಳಿದರಂತೆ. ಗುರುಗಳು ಪ್ರಮಾಣ ಮಾಡಲಿಲ್ಲ. ಬರೆದ ನೆನಪಿದೆ, ಆದರೆ ನೆನಪು ಸಾಕ್ಷಿಯಲ್ಲ, ವರ್ಷದ ಹಿಂದಿನ ಹಾಳೆಯ ಮೇಲೆ ದೇವರ ಹೆಸರಿಡಲಾರೆ ಎಂದರಂತೆ. ಬೇರೆಯವರಾಗಿದ್ದರೆ ಕಣ್ಣುಮುಚ್ಚಿ ಆಣೆಯಿಡುತ್ತಿದ್ದರು.

ಸೋಮವಾರ ಬಿಷಪ್ಪರ ಕಡೆಯ ಆಳು ಬಂದು ಎವ್ರಾರನ ಬಾಗಿಲು ತಟ್ಟಿದ. ಗುರುವಾರ ಬೆಳಿಗ್ಗೆ ಮಾದರಿ ಪ್ರತಿಯೊಂದಿಗೆ ಬಂದು, ಇದು ತನ್ನ ಕೈಯ ಬರಹ, ಕರಡಿನಲ್ಲಿದ್ದುದನ್ನು ಇದ್ದ ಹಾಗೆ ಎತ್ತಿದ್ದೇನೆ ಎಂದು ಪ್ರಮಾಣ ಮಾಡಬೇಕು. ಸುಳ್ಳಾದರೆ ಬಹಿಷ್ಕಾರ.

ಬಹಿಷ್ಕಾರವೆಂದರೆ ಬರೀ ಪೂಜೆ ತಪ್ಪುವುದಲ್ಲ. ಸತ್ತರೆ ಇಗರ್ಜಿಯ ಅಂಗಳದಲ್ಲಿ ಜಾಗವಿಲ್ಲ. ಎಡೆಲಿನ್‌ಗೆ ಮೊದಲು ಹೊಳೆದದ್ದು ಅದೇ: ಮಾರೋತ್ ಆ ಗೋಡೆಯ ಬಳಿ ಒಬ್ಬಳೇ ಆಗಿಬಿಡುತ್ತಾಳೆ.

ಆ ಮೂರು ದಿನ ಗೋಡೆಯಾಚೆಯ ಸದ್ದೇ ಬೇರೆಯಾಗಿತ್ತು. ಅಲ್ಲಿ ಎವ್ರಾರನನ್ನು ಓದಿಸಿದರೆ ಏನು ಗತಿ? ಅದಕ್ಕೆ ಅವಳು ಅಂಗಡಿಯಿಂದ ಕಟ್ಟನ್ನು ತಂದು, ಮೊದಲಿಂದ ಓದುತ್ತ ಅವನಿಗೆ ಬಾಯಿಪಾಠ ಮಾಡಿಸತೊಡಗಿದಳು. ಯಾವ ಸಾಲು ಹಾಳೆಯ ಎಲ್ಲಿ ಬರುತ್ತದೆಂದು ಬೆರಳಿಟ್ಟು ತೋರಿಸಿದಳು. ನೋಡುವವನಂತೆ ತಲೆ ಬಗ್ಗಿಸುವುದನ್ನೂ ಕಲಿಸಿದಳು. ಮಂಗಳವಾರ ಮಧ್ಯಾಹ್ನ ಓದು ಥಟ್ಟನೆ ನಿಂತಿತು. ಎವ್ರಾರನ ದನಿ ಕೇಳಿತು.

"ಇನ್ನೊಂದ್ಸಲ ಓದು."

ಅವಳು ಓದಿದಳು.

"ಇಲ್ಲೇನೋ ಬಿಟ್ಟುಹೋಗಿದೆ ಕಣೇ. ಆ ಮನುಷ್ಯ ಹೀಗೆ ಬರೆಯೋರಲ್ಲ. 'ಆಗಲ್ಲ' ಅಂತ ಅಂದಮೇಲೆ 'ಯಾಕಂದ್ರೆ' ಅಂತ ಅನ್ನದೆ ಅವರು ಯಾವತ್ತೂ ಮುಂದಕ್ಕೆ ಹೋದೋರಲ್ಲ. ಈ ಪೋತೆಸ್ತ್ ಆದ್ಮೇಲೆ ಇನ್ನೊಂದು ಪೋತೆಸ್ತ್ ಇರ್ಬೇಕಿತ್ತು."

ಈ ಕಸುಬಿನಲ್ಲಿ ಇರುವವರಿಗೆಲ್ಲ ಈ ಗಂಡಾಂತರ ಗೊತ್ತು. ಒಂದೇ ಪದ ಎರಡು ಸಾಲಿನ ಅಂತರದಲ್ಲಿ ಎರಡು ಸಲ ಬಂದರೆ, ತಲೆಯೆತ್ತಿ ಮತ್ತೆ ಬಗ್ಗಿಸಿದಾಗ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿಬಿಡುತ್ತದೆ. ನಡುವಿನದ್ದು ಉಳಿಯುತ್ತದೆ. ಅರ್ಥ ಗೊತ್ತಿದ್ದವರಿಗಾದರೆ ತಡವರಿಸಿದ್ದು ತಿಳಿಯುತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಆ ಒಂದೇ ಪದ.

ಎವ್ರಾರನಿಗೆ ಸುಮ್ಮನಿರೋಣ ಎಂದಿತ್ತು. ಕರಡು ಇಲ್ಲದ ಮೇಲೆ ಯಾರೂ ಏನನ್ನೂ ತೋರಿಸಲಾರರು. ಗುರುಗಳಿಗೆ ಹೆಚ್ಚೆಂದರೆ ಪಾಠ ತಪ್ಪೀತು, ವಯಸ್ಸೂ ಆಗಿದೆ ಎಂದು ವಾದಿಸಿದನಂತೆ. ಅವನು ಕೆಟ್ಟವನಲ್ಲ, ಹೆದರಿದ್ದ. ಹೆಂಡತಿಯನ್ನು ಪಂಡಿತರ ಮುಂದೆ ನಿಲ್ಲಿಸುವುದಕ್ಕಿಂತ ಸುಳ್ಳು ಆಣೆಯೇ ವಾಸಿ ಎಂದು ಅವನ ಲೆಕ್ಕ. ಎಡೆಲಿನ್ ಹೌದು ಎಂದಳು. ಸ್ವಲ್ಪ ಹೊತ್ತಿಗೆ ಅಲ್ಲ ಎಂದಳು. ಬುಧವಾರ ಬೆಳಗಿನೊಳಗೆ ಹತ್ತು ಸಲ ಮನಸ್ಸು ತಿರುಗಿಸಿದಳು. ಎರಡು ಸಲ ಬಾಗಿಲವರೆಗೆ ಬಂದು ಒಳಗೆ ಹೋದದ್ದನ್ನು ನಾನೇ ಕಂಡೆ. ಮೂರನೇ ಸಲ ನನ್ನ ಅಂಗಡಿಗೆ ಬಂದಳು. ಮುಖ ಸುಣ್ಣದಂತಿತ್ತು.

"ಅಣ್ಣಾ, ಹೋದ ವರ್ಷ ನಾನು ಕೊಟ್ಟ ಕರಡು ಹಾಳೆ ಏನ್ ಮಾಡ್ದೆ?"

ಏನು ಮಾಡುತ್ತಾರೆ? ಕೆರೆದಿದ್ದೆ. ಒಂದಷ್ಟನ್ನು ಕೆರೆದು, ಕಲ್ಲಲ್ಲಿ ಉಜ್ಜಿ, ಸೀಮೆಸುಣ್ಣ ಬಳಿದು ಮಾರಿಯೂ ಆಗಿತ್ತು. ಆದರೆ ದಪ್ಪ ತೊಗಲಿನವು ಕೆಲವು ಹಾಗೆಯೇ ಅಟ್ಟದ ಮೇಲೆ ಬಿದ್ದಿದ್ದವು. ಒಂದು ಕೈ ಮಾತ್ರ ಕೆರೆದಿದ್ದೆ, ಎರಡನೆಯ ಕೈ ಹಾಕಿರಲಿಲ್ಲ. ಇಬ್ಬರೂ ಹತ್ತಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದೆವು. ನಮ್ಮ ಮಸಿ ತೊಗಲಿನೊಳಕ್ಕೆ ಇಳಿಯುವಂಥದ್ದು; ಕೆರೆದರೂ ಕಂದು ನೆರಳೊಂದು ಉಳಿಯುತ್ತದೆ. ನನ್ನ ಕಣ್ಣಿಗೆ ಅದು ಕಲೆ. ಅವಳು ಅದನ್ನೇ ಓದುತ್ತಿದ್ದಳು. ಇದಲ್ಲ, ಇದೂ ಅಲ್ಲ ಎನ್ನುತ್ತ ಮಧ್ಯಾಹ್ನದ ಗಂಟೆ ಹೊಡೆಯುವ ತನಕ ನೋಡಿದಳು. ಇಪ್ಪತ್ತಮೂರನೆಯ ಹಾಳೆ ಕೈಗೆ ಬಂದಾಗ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದಳು. ಅದರ ಕೆಳಭಾಗವನ್ನು ಯಾವುದೋ ಪುಸ್ತಕದ ರಟ್ಟಿಗೆಂದು ನಾನು ಕತ್ತರಿಸಿ ಕೊಟ್ಟಿದ್ದೆ. ಉಳಿದದ್ದು ಮೇಲಿನ ಅರ್ಧ.

"ಇದೇ ಅಣ್ಣಾ" ಎಂದಳು. "ಮೊದಲ್ನೇ ಪೋತೆಸ್ತ್ ಇದೆ. ನಡುವಿನ ಸಾಲುಗಳೂ ಇವೆ. ಕೊನೇಲಿ ಮಾತ್ರ ನಿನ್ನ ಕತ್ತರಿ ಬಿದ್ದಿದೆ."

ಆ ಮಾತಿನಲ್ಲಿ ಬೈಗುಳವಿರಲಿಲ್ಲ. ಆದರೂ ಆಮೇಲೆ ಎಷ್ಟೋ ದಿನ ಕತ್ತರಿ ಹಿಡಿದಾಗ ನನಗೆ ಅದೇ ಕೇಳುತ್ತಿತ್ತು.

ಗುರುವಾರ ನಾವು ಮೂವರೂ ಚಿಕ್ಕ ಸೇತುವೆ ದಾಟಿ ಬಿಷಪ್ಪರ ಮನೆಗೆ ಹೋದೆವು. ಎವ್ರಾರ್ ಅವಳ ಹೆಗಲ ಮೇಲೆ ಕೈಯಿಟ್ಟಿದ್ದ. ದಾರಿಯಲ್ಲಿ ಅವಳು ಎರಡು ಸಲ ನಿಂತು, ನನ್ನ ಚೀಲದಲ್ಲಿ ಹಾಳೆ ಇದೆಯೇ ಎಂದು ಮುಟ್ಟಿ ನೋಡಿದಳು. ಒಳಗೆ ಉದ್ದನೆಯ ಕೋಣೆ, ಎತ್ತರದ ಕಿಟಕಿ. ಮೂವರು ಪಂಡಿತರು ಕುಳಿತಿದ್ದರು. ನಡುವೆ ಕುಳಿತವರು ತೆಂಕಣ ಸೀಮೆಯ ಒಣಕಲು ಮುದುಕರು. ಗೋಬೆರ್ ಗುರುಗಳಿಗೂ ಅವರಿಗೂ ಹತ್ತು ವರ್ಷದಿಂದ ವಾದವಿತ್ತೆಂದು ಊರಿಗೇ ಗೊತ್ತಿತ್ತು. ಗುರುಗಳು ಪಕ್ಕದ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದರು. ಬೆರಳು ಮಡಿಸುತ್ತಲೇ ಇದ್ದರು.

ಎವ್ರಾರನನ್ನು ಮುಂದೆ ಕರೆದು ಪವಿತ್ರ ಗ್ರಂಥದ ಮೇಲೆ ಕೈಯಿಡಲು ಹೇಳಿದರು. ಅವನ ಕೈ ಗ್ರಂಥ ಸಿಗದೆ ಗಾಳಿಯಲ್ಲಿ ತಡಕಾಡಿತು. ಅಷ್ಟರಲ್ಲಿ ಎಡೆಲಿನ್ ಮುಂದೆ ಬಂದಳು. ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

"ಸ್ವಾಮಿ, ಅವರಿಗೆ ಕಣ್ಣು ಕಾಣಲ್ಲ. ಬರೆದೋಳು ನಾನು. ನಡುವೆ ಎರಡು ಸಾಲು ಬಿಟ್ಟಿದ್ದೂ ನಾನೇ."

ಪಂಡಿತರು ತಮ್ಮತಮ್ಮಲ್ಲಿ ಲ್ಯಾಟಿನ್ನಿನಲ್ಲಿ ಏನೇನೋ ಮಾತಾಡಿಕೊಂಡರು. ಒಬ್ಬರು ನಕ್ಕರು. ಗುರುವನ್ನು ಉಳಿಸಲು ಶಿಷ್ಯರು ಯಾರೋ ಹೆಂಗಸಿಗೆ ಹೇಳಿಕೊಟ್ಟು ಕಳಿಸಿದ್ದಾರೆ ಎಂಬುದು ಅವರ ಅನುಮಾನ. ಮಸಿ, ಗರಿ ತರಿಸಿ ಬರೆ ಎಂದರು. ಅವಳು ನಿಂತೇ ಬರೆದಳು. ಹಾಳೆಯನ್ನೂ ಕಟ್ಟನ್ನೂ ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆ ನಗು ನಿಂತಿತು. ಒಣಕಲು ಪಂಡಿತರು ನಮ್ಮ ಬೀದಿಯ ಮಾತಿನಲ್ಲೇ ಕೇಳಿದರು.

"ಲ್ಯಾಟಿನ್ ಬರುತ್ತೇನಮ್ಮಾ ನಿನಗೆ?"

"ಇಲ್ಲ ಸ್ವಾಮಿ."

"ಮತ್ತೆ ಬಿಟ್ಟಿದ್ದು ಏನು ಅಂತ ಹೇಗೆ ಹೇಳ್ತೀಯ?"

"ಏನು ಅಂತ ನಂಗೊತ್ತಿಲ್ಲ. ಅಕ್ಷರ ಹೇಳ್ತೀನಿ. ನೀವು ಕೇಳಿಸ್ಕೊಳ್ಳಿ."

ನನ್ನನ್ನು ಕರೆದು, ಈ ಹಾಳೆ ಅವಳು ಕೊಟ್ಟದ್ದೇ, ನಾನು ಕೆರೆದದ್ದೇ, ಆಮೇಲೆ ಯಾರೂ ಮುಟ್ಟಿಲ್ಲ ಎಂದು ಪ್ರಮಾಣ ಮಾಡಿಸಿದರು. ಹಾಳೆ ಕೈಯಿಂದ ಕೈಗೆ ಹೋಯಿತು. ಮೂವರಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಗುರುಗಳ ಮುಂದೆ ಹಿಡಿದರು. ಅವರು ಕಣ್ಣು ಕಿರಿದು ಮಾಡಿ ನೋಡಿ, ಇದು ನನ್ನ ಕೈಯಂತೆಯೇ ಕಾಣುತ್ತದೆ, ಏನು ಬರೆದಿದೆಯೋ ಓದಲಾರೆ ಎಂದರು. ಕೊನೆಗೆ ಅದು ಎಡೆಲಿನ್ ಕೈಗೆ ಬಂತು.

ಅವಳು ಕಿಟಕಿಯ ಬಳಿ ಹೋಗಿ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಎವ್ರಾರ್ ಹಿಂದಿನಿಂದ ಅವಳ ಮೊಣಕೈಗೆ ತನ್ನ ಕೈ ಕೊಟ್ಟ. ಅಂಗಳದ ಮೇಲೆ ಮೋಡ ಬಂದು ಬೆಳಕು ಮಂಕಾಯಿತು. ಅವಳು ಕಾದಳು. ನಾವೆಲ್ಲ ಕಾದೆವು. ಮೋಡ ಸರಿದ ಮೇಲೆ ಒಂದೊಂದೇ ಅಕ್ಷರ ಹೇಳತೊಡಗಿದಳು. ಅಕ್ಷರ ಪದವಾಗುವುದು ಅವಳಿಗೆ ತಿಳಿಯುತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ತಿಳಿಯಿತು. ಅವನ ಗರಿ ನಿಧಾನವಾಗಿ ಶುರುವಾಗಿ ಆಮೇಲೆ ವೇಗವಾಯಿತು. ಆ ಸಾಲುಗಳ ಅರ್ಥವನ್ನು ಎವ್ರಾರ್ ನನಗೆ ಆಮೇಲೆ ಹೇಳಿದ: ಇದನ್ನು ದೇವರು ಮಾಡಲಾರ, ಅವನ ಶಕ್ತಿ ಕುಂದಿದೆಯೆಂದಲ್ಲ, ಆದದ್ದೂ ಆಗದದ್ದೂ ಒಂದೇ ಆಗಿರಲಿ ಎಂಬ ಮಾತಿನಲ್ಲಿ ಮಾಡತಕ್ಕದ್ದು ಎಂಬುದೇ ಏನೂ ಇಲ್ಲ, ಇಲ್ಲದ್ದನ್ನು...

ಅಲ್ಲಿಗೆ ಹಾಳೆ ಮುಗಿದಿತ್ತು. "ಇಷ್ಟೇ ಇರೋದು" ಎಂದಳು ಎಡೆಲಿನ್.

ಕೊನೆಯ ಪದಗಳಿಲ್ಲದ ಸಾಕ್ಷಿ ಸಾಕ್ಷಿಯೇ ಎಂದು ಒಬ್ಬ ಪಂಡಿತರು ಮೆಲ್ಲಗೆ ತಕರಾರು ತೆಗೆದರು. ಆಗ ನಡುವಿನ ಒಣಕಲು ಮುದುಕರು, ಯಾರನ್ನೂ ನೋಡದೆ, ತಮ್ಮಷ್ಟಕ್ಕೇ ಎಂಬಂತೆ ಆ ವಾಕ್ಯವನ್ನು ಮುಗಿಸಿದರು. ಇಲ್ಲದ್ದನ್ನು ಮಾಡು ಎಂದರೆ ಯಾರೂ ಮಾಡಲಾರರು. ಕೊನೆಯ ಪದ ಪೋತೆಸ್ತ್. ಹೇಳಿ ಆದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಅರಿವಾದಂತೆ ಗುರುಗಳ ಕಡೆ ನೋಡಿದರು. ಆ ವಾಕ್ಯ ಬೇರೆ ಹೇಗೂ ಮುಗಿಯುವಂತಿರಲಿಲ್ಲ. ಗುರುಗಳು ಎದ್ದು ನಿಂತು ತಲೆಬಾಗಿದರು.

ಎಲ್ಲ ಸುಖವಾಗಿ ಮುಗಿಯಿತೆಂದು ಹೇಳಲಾರೆ. ಗುರುಗಳ ವಾಕ್ಯವನ್ನು ಪಟ್ಟಿಯಿಂದ ತೆಗೆದರು. ಆದರೆ ಇಂಥ ಪ್ರಶ್ನೆಗಳನ್ನು ಹುಡುಗರ ಮುಂದೆ ಎತ್ತಬಾರದೆಂದು ಎಚ್ಚರಿಸಿ ಕಳಿಸಿದರು. ಎವ್ರಾರನ ಹೆಸರು ಬರಹಗಾರರ ಪಟ್ಟಿಯಿಂದ ಹೋಯಿತು. ಎಡೆಲಿನ್ ಇನ್ನು ಮುಂದೆ ವಿದ್ಯಾಪೀಠಕ್ಕಾಗಿ ಗರಿ ಹಿಡಿಯಬಾರದು ಎಂದಾಯಿತು. ತಾವೇ ಬಂದು ಒಪ್ಪಿಕೊಂಡದ್ದರಿಂದ ಬಹಿಷ್ಕಾರವಿಲ್ಲ; ನಲವತ್ತು ದಿನ ಒಣರೊಟ್ಟಿ, ನೀರು. ತಪ್ಪು ಕಟ್ಟಿನಿಂದ ಬರೆದುಕೊಂಡ ಪ್ರತಿಗಳನ್ನೆಲ್ಲ ಹುಡುಕಿ ತರಿಸಿ ತಿದ್ದಬೇಕೆಂದು ಅಂಗಡಿಯವನಿಗೆ ಅಪ್ಪಣೆಯಾಯಿತು.

ಸೇತುವೆಯ ಮೇಲೆ ಗುರುಗಳು ನಮ್ಮ ಹಿಂದಿನಿಂದ ಬಂದು ಸೇರಿಕೊಂಡರು. ಒಂಬತ್ತು ವರ್ಷದಿಂದ ಶನಿವಾರ ಶನಿವಾರ ನೋಡಿದ ಹೆಂಗಸನ್ನು ಈಗ ಮೊದಲು ನೋಡುವವರಂತೆ ನೋಡಿದರು. ಬಟಾಣಿ ಬಿಡಿಸುವ ಕೈಯಲ್ಲಿ ಅಷ್ಟೊಂದು ಮಸಿ ಯಾಕೆ ಎಂದು ಒಮ್ಮೆ ಅನ್ನಿಸಿತ್ತು, ಆದರೆ ಆಗ ಬೇರೇನೋ ಯೋಚಿಸುತ್ತಿದ್ದೆ ಎಂದರು. ಎಡೆಲಿನ್ ಅವರ ಕಾಲಿಗೆ ಬೀಳಲು ಬಗ್ಗಿದಳು, ಅವರು ಬಿಡಲಿಲ್ಲ. ಆಗ ಅವಳು ಒಂದು ವರ್ಷದಿಂದ ಒಳಗಿಟ್ಟುಕೊಂಡದ್ದನ್ನು ಕೇಳಿದಳು.

"ಗುರುಗಳೇ, ಹಾಗಾದ್ರೆ ನಮ್ಮ ಮಾರೋತ್ ಸತ್ತಿದ್ದನ್ನ... ದೇವ್ರಿಂದಲೂ ಆಗಲ್ವಾ?"

ಗುರುಗಳು ಸೇತುವೆಯ ಅಂಚಿಗೆ ಸರಿದು ನಿಂತರು. ಸೇತುವೆಯ ಕೆಳಗೆ ಗಿರಣಿಗಳ ಚಕ್ರ ತಿರುಗುವ ಸದ್ದು ಜೋರಾಗಿತ್ತು.

"ಆಗಲ್ಲ ತಾಯಿ" ಎಂದರು. "ಎಷ್ಟು ವರ್ಷ ಇದ್ಲು ಮಗು?"

"ನಾಲ್ಕು."

"ಸತ್ತಿದ್ದನ್ನ ಅಳಿಸೋಕೆ ಆಗೋ ಹಾಗಿದ್ರೆ, ಆ ನಾಲ್ಕು ವರ್ಷಾನೂ ಅಳಿಸೋಕೆ ಆಗ್ತಿತ್ತು. ಅವಳು ಇದ್ಲು. ಅದನ್ನ ಇನ್ನು ಯಾರೂ ಇಲ್ಲ ಅನ್ನಿಸೋಕಾಗಲ್ಲ. ಇದನ್ನ ಬರೆಯೋವಾಗ ನನಗೆ ಹೊಳೆದಿರ್ಲಿಲ್ಲ, ನೀನು ಕೇಳಿದ್ಮೇಲೆ ಹೊಳೀತು."

ಅವಳು ಅಳಲಿಲ್ಲ. ಸ್ವಲ್ಪ ದೂರ ನಡೆದು, ಇದನ್ನೂ ಗ್ರಂಥದಲ್ಲಿ ಬರೆಯುತ್ತೀರಾ ಎಂದು ಕೇಳಿದಳು. ಬರೆದರೆ ಓದುವವರು ಯಾರು, ನಿನಗೆ ಗರಿ ಮುಟ್ಟಬೇಡ ಎಂದಿದ್ದಾರಲ್ಲ ಎಂದು ಗುರುಗಳು ಸಣ್ಣಗೆ ನಕ್ಕರು.

ಆದರೂ ಅವರು ಬರೆದರು. ವಿದ್ಯಾಪೀಠ ಹೊಸ ಬರಹಗಾರನೊಬ್ಬನನ್ನು ನೇಮಿಸಿತು. ಅವನಿಗೆ ಗುರುಗಳ ಅಕ್ಷರ ಒಂದೂ ತಿಳಿಯಲಿಲ್ಲ. ಎರಡು ತಿಂಗಳು ತಿಣುಕಿದ ಮೇಲೆ ಅವನು ಕರಡನ್ನು ಚೀಲದಲ್ಲಿ ಹಾಕಿಕೊಂಡು ಎಡೆಲಿನ್ ಮನೆಗೆ ಬರತೊಡಗಿದ. ಅವಳು ಗರಿ ಮುಟ್ಟಲಿಲ್ಲ. ಬರೀ ಓದಿ ಹೇಳಿದಳು. ಎವ್ರಾರ್ ಅದನ್ನು ತುಂಬಿ ಹೇಳಿದ, ಹೊಸಬ ಬರೆದುಕೊಂಡ. ಓದಬಾರದೆಂದು ಯಾರೂ ಆಜ್ಞೆ ಮಾಡಿರಲಿಲ್ಲವಲ್ಲ. ಹಾಗೆ ಮೂರು ವರ್ಷ ನಡೆಯಿತು. ದ್ರಾಕ್ಷಿ ಸುಗ್ಗಿಯ ಕಾಲದಲ್ಲಿ ಒಂದು ಬೆಳಿಗ್ಗೆ ಗುರುಗಳು ಮೇಜಿನ ಮೇಲೆ ತಲೆಯಿಟ್ಟು ತೀರಿಕೊಂಡಿದ್ದರು. ಸತ್ತವರು ಎದ್ದು ಬಂದಾಗ ಅವರಿಗೆ ಯಾವ ವಯಸ್ಸಿನ ದೇಹ ಇರುತ್ತದೆ ಎಂಬ ಪ್ರಶ್ನೆಯಲ್ಲಿ ಗ್ರಂಥ ನಿಂತಿದೆ. ಎದುರಾಳಿಯ ವಾದ ಪೂರ್ತಿಯಿದೆ, ಅವರ ಉತ್ತರವಿಲ್ಲ.

ಎಡೆಲಿನ್ ಆಮೇಲೂ ಹದಿನೆಂಟು ವರ್ಷ ಬದುಕಿದಳು. ಗಂಡ ಮೊದಲು ಹೋದ. ಊರಿನ ಗಟ್ಟಿಕುಳಗಳ ಹೆಂಗಸರಿಗೆ ಜಪದ ಪುಸ್ತಕ ಬರೆದುಕೊಟ್ಟು ಜೀವನ ಮಾಡಿದಳು. ಬರೆಯುವಾಗ ಪ್ರತಿ ಸಾಲಿನ ಕೆಳಗೂ ಒಂದು ನೂಲಿನ ದಾರ ಇಟ್ಟು, ಸಾಲು ಮುಗಿದ ಮೇಲೆಯೇ ಸರಿಸುತ್ತಿದ್ದಳು. ಹಾಗಾಗಿ ಒಂದು ಪುಸ್ತಕಕ್ಕೆ ಬೇರೆಯವರ ಎರಡರಷ್ಟು ಕಾಲ ಹಿಡಿಯುತ್ತಿತ್ತು. ಹೆಂಗಸರು ಗೊಣಗುತ್ತಿದ್ದರು, ಆದರೆ ಅವಳ ಹತ್ತಿರವೇ ಬರೆಸುತ್ತಿದ್ದರು.

ಅವಳ ನಿದ್ದೆ ಕೆಡಿಸಿದ್ದು ಆ ತಪ್ಪು ಪ್ರತಿಗಳು. ಹದಿನೇಳು ಮಂದಿ ಆ ಕಟ್ಟನ್ನು ಒಯ್ದಿದ್ದರೆಂದು ಅಂಗಡಿಯವನ ಬಳಿ ಗುರುತಿತ್ತು. ಹನ್ನೆರಡು ಬೇಗನೆ ಸಿಕ್ಕವು. ಉಳಿದ ಐವರು ಓದು ಮುಗಿಸಿ ತಮ್ಮ ಊರಿಗೆ ಹೋಗಿಬಿಟ್ಟಿದ್ದರು: ಒಬ್ಬ ಆಕ್ಸ್‌ಫರ್ಡಿಗೆ, ಇಬ್ಬರು ಜರ್ಮನ್ ನಾಡಿಗೆ, ಇನ್ನಿಬ್ಬರು ಎಲ್ಲಿಗೆಂದೇ ಗೊತ್ತಿಲ್ಲ. ಆ ಕಡೆಯಿಂದ ವಿದ್ಯಾರ್ಥಿಗಳು ಬಂದರೆ ನನ್ನ ಅಂಗಡಿಗೆ ಹಾಳೆಗಾಗಿ ಬರಲೇಬೇಕು. ಅವರು ಬಂದರೆಂದು ಕೇಳಿದರೆ ಅವಳು ಗೋಡೆಯಾಚೆಯಿಂದ ಎದ್ದು ಬರುತ್ತಿದ್ದಳು. ಗೋಬೆರ್ ಗುರುಗಳ ಗ್ರಂಥ ನಿಮ್ಮ ಮಠದಲ್ಲಿದೆಯೇ, ಆಗಿಹೋದದ್ದರ ಪ್ರಶ್ನೆಯಲ್ಲಿ ಪೋತೆಸ್ತ್ ಎರಡು ಸಲ ಬರುತ್ತದೋ ಒಂದೇ ಸಲವೋ ಎಂದು ವಿಚಾರಿಸುತ್ತಿದ್ದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೆಲವರು ನಗುತ್ತಿದ್ದರು. ಒಬ್ಬ ಮಾತ್ರ, ಕೊಲೋನಿನ ಕಡೆಯವನು, ಊರಿಗೆ ಹೋದ ಮೇಲೆ ಹುಡುಕಿ ನೋಡಿ ಚೀಟಿ ಕಳಿಸಿದ. ಒಂದೇ ಸಲ ಇತ್ತು, ಅಂಚಿನಲ್ಲಿ ತಿದ್ದಿದ್ದೇನೆ ಎಂದು ಬರೆದಿದ್ದ. ಆ ದಿನ ಅವಳು ಬೀದಿಯ ಮನೆಮನೆಗೂ ಕಡುಬು ಹಂಚಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಕೊನೆಯ ಜ್ವರದಲ್ಲಿ ಮಲಗಿದ್ದಾಗ ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಇನ್ನು ನಾಲ್ಕು ಉಳಿದಿವೆ ಅಣ್ಣಾ ಎಂದಳು. ಆ ಒಣಕಲು ಪಂಡಿತರ ಹಾಗೆ ಓದುವವರೇ ಮುಗಿಸಿಕೊಳ್ಳುತ್ತಾರೆ ಬಿಡು ಎಂದು ನಾನು ಸಮಾಧಾನ ಹೇಳಿದೆ. ಎಲ್ಲರೂ ಅಷ್ಟು ಜಾಣರಿರುತ್ತಾರೆಯೇ ಎಂದಳು. ತೆಂಕಣ ಗೋಡೆಯ ಬಳಿ, ಗಂಡನ ಪಕ್ಕದಲ್ಲೇ ಅವಳನ್ನು ಇಟ್ಟೆವು. ಹೊರನಾಡಿನ ಹುಡುಗರು ಅಂಗಡಿಗೆ ಬಂದರೆ ಈಗ ಆ ಪ್ರಶ್ನೆ ಕೇಳುವುದು ನನ್ನ ಪಾಲಿಗೆ ಬಂದಿದೆ.